ಗಾಂವಠಿ ಔಷಧದ ಕ್ರಿಯಾಪದಗಳು: ಸಸ್ಯಸತ್ವ, ಪ್ರಯೋಗಶಾಲೆ ಮತ್ತು ಕಲಬುರಗಿ ಸೀಮೆಯ ಮದ್ದಿನ ಜ್ಞಾನ

ಜನಪದ ವೈದ್ಯವನ್ನು ಕುರಿತ ಕನ್ನಡದ ಸಂಗ್ರಹಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ವಿನ್ಯಾಸವೊಂದಿದೆ. ಒಂದು ಕಡೆ ರೋಗದ ಹೆಸರು, ಇನ್ನೊಂದು ಕಡೆ ಗಿಡಮೂಲಿಕೆಯ ಹೆಸರು, ಕೊನೆಯಲ್ಲಿ ‘ಅರೆದು ಹಚ್ಚುವುದು’, ‘ರಸ ಕುಡಿಸುವುದು’ ಎಂಬಂತಹ ಒಂದೆರಡು ಪದಗಳ ಸೂಚನೆ. ಇಂತಹ ಪಟ್ಟಿಗಳಿಂದ ಆಗಿರುವ ಉಪಕಾರ ದೊಡ್ಡದು. ಅವು ಇರದಿದ್ದರೆ ಎಷ್ಟೋ ಗಿಡಗಳ ದೇಸಿ ಹೆಸರುಗಳೇ ನಮಗೆ ಉಳಿಯುತ್ತಿರಲಿಲ್ಲ. ಆದರೆ ಈ ವಿನ್ಯಾಸದಲ್ಲಿ ನಾಮಪದಗಳು ಉಳಿದು ಕ್ರಿಯಾಪದಗಳು ಸೊರಗಿವೆ. ಅರೆಯುವುದು, ಕುಟ್ಟುವುದು, ಹಿಂಡುವುದು, ತೇಯುವುದು, ನೆನೆಹಾಕುವುದು, ಕುದಿಸುವುದು, ಹುರಿಯುವುದು, ಸುಡುವುದು, ಕಟ್ಟುವುದು ಇವೆಲ್ಲವೂ ವಕ್ತೃವಿನ ಬಾಯಲ್ಲಿ ಬೇರೆ ಬೇರೆ ಕೆಲಸಗಳು. ಸಂಗ್ರಹದ ಪುಟಕ್ಕೆ ಬರುವಾಗ ಅವು ಒಂದೇ ಬಗೆಯ ‘ತಯಾರಿಕೆ’ಯಾಗಿ ಬಿಡುತ್ತವೆ.

ನೈಸರ್ಗಿಕ ಸಂಯುಕ್ತಗಳ ಜೈವಿಕ ಕ್ರಿಯೆಯನ್ನು ಕುರಿತು ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ ನಡೆದಿರುವ ವಿಜ್ಞಾನದ ಕೆಲಸವನ್ನು ಗಮನಿಸಿದರೆ ಈ ನಷ್ಟದ ಅರ್ಥ ಸ್ಪಷ್ಟವಾಗುತ್ತದೆ. ಗಿಡದಲ್ಲಿ ಸತ್ವವಿರುವುದು ಒಂದು ಸಂಗತಿ, ಆ ಸತ್ವ ಮದ್ದಾಗುವುದು ಇನ್ನೊಂದು ಸಂಗತಿ. ಇವೆರಡರ ನಡುವೆ ಇರುವುದು ಮನುಷ್ಯನ ಕೈಕೆಲಸ, ಎಂದರೆ ಕ್ರಿಯಾಪದ. ಯಾವ ಸತ್ವ ಹೊರಬರಬೇಕು, ಯಾವುದು ನಾಶವಾಗಬೇಕು, ಎಷ್ಟು ಪ್ರಮಾಣ ದೇಹಕ್ಕೆ ಸೇರಬೇಕು ಎಂಬುದನ್ನೆಲ್ಲ ನಿರ್ಧರಿಸುವುದು ಅದೇ. ಈ ಮಾತನ್ನು ಕಲಬುರಗಿ ಸೀಮೆಯ ಮದ್ದಿನ ಜ್ಞಾನದ ಹಿನ್ನೆಲೆಯಲ್ಲಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸೀಮೆ ಮತ್ತು ಪರಂಪರೆ

ಕಲಬುರಗಿ ಸೀಮೆಯಲ್ಲಿ ಮನೆಮದ್ದು ಹಾಗೂ ನಾಟಿ ವೈದ್ಯಕ್ಕೆ ‘ಗಾಂವಠಿ ಔಷಧ’ ಎಂಬ ಹೆಸರು ರೂಢಿಯಲ್ಲಿದೆ. ಕನ್ನಡ, ಮರಾಠಿ, ತೆಲುಗು, ದಖನಿ ಉರ್ದು ಹಾಗೂ ತಾಂಡಾಗಳ ಲಂಬಾಣಿ ನುಡಿಗಳು ಒಂದೇ ಸಂತೆಯಲ್ಲಿ ಕೇಳಿಬರುವ ಈ ನೆಲದಲ್ಲಿ ಗಿಡಗಳಿಗೂ ಹಲವು ಹೆಸರುಗಳಿವೆ. ಎರೆಭೂಮಿಯ ತೊಗರಿ, ಜೋಳ, ಅಗಸೆ, ಕುಸುಬೆಗಳ ಹೊಲಗಳು, ಬದುಗಳಲ್ಲಿ ಬೆಳೆಯುವ ಎಕ್ಕೆ, ಉತ್ತರಾಣಿ, ಲಕ್ಕಿ, ತಂಗಡಿ, ಕಮಲಾಪುರದ ಕೆಂಪುಬಾಳೆಯ ತೋಟಗಳು, ಅದರಾಚೆ 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಚಿಂಚೋಳಿಯ ಒಣ ಕಾಡು, ಇವೆಲ್ಲ ಕೂಡಿ ಇಲ್ಲಿಯ ಔಷಧಸಸ್ಯಗಳ ಪರಿಸರ ರೂಪುಗೊಂಡಿದೆ.

ಬರಹದ ಪರಂಪರೆಯೂ ಇಲ್ಲಿ ಹಳೆಯದು. ಇಂದಿನ ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ಬರೆದ ಉಗ್ರಾದಿತ್ಯನು ಒಂಬತ್ತನೆಯ ಶತಮಾನದ ನೃಪತುಂಗನ ಆಸ್ಥಾನದೊಡನೆ ಸಂಬಂಧ ಹೊಂದಿದ್ದವನು. ಕಲ್ಯಾಣದ ಚಾಲುಕ್ಯರ ಮನೆತನದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲಿ ‘ಗೋವೈದ್ಯ’ವನ್ನು ರಚಿಸಿದನು. ಆದರೆ ಗ್ರಂಥಕ್ಕೆ ಬಂದ ವೈದ್ಯಕ್ಕಿಂತ ಬಾಯಲ್ಲಿ ಉಳಿದ ವೈದ್ಯವೇ ವಿಸ್ತಾರವಾದುದು. ಅದರ ಒಡೆಯರು ಸೂಲಗಿತ್ತಿಯರು, ಎಲುಬು ಕೂಡಿಸುವವರು, ಕುರಿಗಾರರು ಮತ್ತು ಮನೆಯ ಹಿರಿಯ ಹೆಂಗಸರು.

ಕಲಬುರಗಿ ನಗರದ ಅಂಚಿನಲ್ಲಿರುವ ಕೋಟನೂರದಂತಹ ಊರುಗಳು ಇಂದು ಈ ಜ್ಞಾನದ ಸಂಧಿಸ್ಥಾನಗಳಾಗಿವೆ. ಹೊಲದ ಬದು ಬಡಾವಣೆಯ ರಸ್ತೆಯಾದಾಗ ಮೊದಲು ಕಾಣೆಯಾಗುವುದು ಯಾರೂ ಬಿತ್ತದೆ ತಾನಾಗಿ ಬೆಳೆಯುತ್ತಿದ್ದ ಗಿಡ. ಅದರ ಹಿಂದೆಯೇ ಅದನ್ನು ಗುರುತಿಸುವ ಕಣ್ಣೂ ಬಳಸುವ ಕೈಯೂ ಇಲ್ಲವಾಗುತ್ತವೆ. ಹೆಸರು ಮಾತ್ರ ಇನ್ನೊಂದು ತಲೆಮಾರಿನವರೆಗೆ ನೆನಪಿನಲ್ಲಿ ಉಳಿಯುತ್ತದೆ. ಆದ್ದರಿಂದ ಸಂಗ್ರಹದಲ್ಲಿ ಏನನ್ನು ಬರೆದುಕೊಳ್ಳಬೇಕು ಎಂಬ ಪ್ರಶ್ನೆ ಇಲ್ಲಿ ಕಾಲದೊಡನೆ ಸ್ಪರ್ಧೆಗೆ ನಿಂತಿದೆ.

ಸತ್ವವೆಂದರೇನು?

ಸಸ್ಯಗಳು ಬೆಳವಣಿಗೆಗೆ ಬೇಕಾದ ಸಕ್ಕರೆ, ಪ್ರೋಟೀನು, ಕೊಬ್ಬುಗಳ ಜೊತೆಗೆ ಆಲ್ಕಲಾಯ್ಡ್, ಟರ್ಪೀನ್, ಫ್ಲೇವನಾಯ್ಡ್, ಟ್ಯಾನಿನ್, ಗ್ಲೈಕೊಸೈಡ್ ಮೊದಲಾದ ಅಸಂಖ್ಯ ಸಂಯುಕ್ತಗಳನ್ನು ತಯಾರಿಸುತ್ತವೆ. ಓಡಿಹೋಗಲಾರದ ಗಿಡಕ್ಕೆ ಇವು ಆಯುಧಗಳು. ಹುಳು ತಿನ್ನದಂತೆ, ಬೂಷ್ಟು ಹಿಡಿಯದಂತೆ, ದನ ಮೇಯದಂತೆ ತಡೆಯುವ ಕಹಿ, ಒಗರು, ಘಾಟು ಎಲ್ಲವೂ ಈ ಸಂಯುಕ್ತಗಳವೇ. ಇವುಗಳಲ್ಲಿ ಕೆಲವು ಮನುಷ್ಯದೇಹದ ಜೀವಕೋಶ, ಕಿಣ್ವ, ನರಗಳ ಮೇಲೂ ಪರಿಣಾಮ ಬೀರುತ್ತವೆ. ಈ ಗುಣವನ್ನೇ ಜೈವಿಕ ಕ್ರಿಯಾಶೀಲತೆ ಎನ್ನುವುದು. ಈ ಪದದಲ್ಲಿ ‘ಒಳ್ಳೆಯದು’ ಎಂಬ ಅರ್ಥ ಅಡಕವಾಗಿಲ್ಲ ಎಂಬುದನ್ನು ಮೊದಲೇ ನೆನಪಿಡಬೇಕು. ಕಹಿಬೇವಿನ ಸತ್ವವೂ ಕ್ರಿಯಾಶೀಲ, ಗುಲಗಂಜಿಯ ಬೀಜದಲ್ಲಿರುವ ಅಬ್ರಿನ್ ಎಂಬ ಘೋರ ವಿಷವೂ ಕ್ರಿಯಾಶೀಲವೇ.

ಜನಬಳಕೆಯಿಂದ ಔಷಧದಂಗಡಿಯವರೆಗಿನ ದಾರಿಗೆ ಆಡುಸೋಗೆ ಒಳ್ಳೆಯ ನಿದರ್ಶನ. ಕೆಮ್ಮು, ಕಫಕ್ಕೆ ಇದರ ಎಲೆಯನ್ನು ಬಳಸುವುದು ಕನ್ನಡನಾಡಿನಾದ್ಯಂತ ತಿಳಿದಿರುವ ಸಂಗತಿ. 1888ರಲ್ಲಿ ಹೂಪರ್ ಎಂಬ ರಸಾಯನಜ್ಞನು ಈ ಎಲೆಯಿಂದ ವಾಸಿಸೀನ್ ಎಂಬ ಆಲ್ಕಲಾಯ್ಡನ್ನು ಬೇರ್ಪಡಿಸಿದನು. ಅದರ ರಚನೆಯನ್ನು ಆಧರಿಸಿ ರೂಪಿಸಿದ ಬ್ರೋಮ್‌ಹೆಕ್ಸಿನ್ 1960ರ ದಶಕದಲ್ಲಿ ಕಫವನ್ನು ತೆಳುವಾಗಿಸುವ ಔಷಧವಾಗಿ ಬಳಕೆಗೆ ಬಂದಿತು. ಆ ಬ್ರೋಮ್‌ಹೆಕ್ಸಿನ್ ದೇಹದಲ್ಲಿ ಮಾರ್ಪಟ್ಟು ಉಂಟಾಗುವ ಆಂಬ್ರಾಕ್ಸಾಲ್ ಕೂಡ ಇಂದು ಪ್ರತ್ಯೇಕ ಔಷಧವಾಗಿದೆ. ಕೆಮ್ಮಿನ ಎಷ್ಟೋ ಸಿರಪ್ಪುಗಳ ಹಿಂದೆ ಆಡುಸೋಗೆಯ ವಂಶಾವಳಿ ಇರುವುದನ್ನು ಬಲ್ಲವರು ಕಡಿಮೆ.

ಹಿಂಡು, ಕೂಡಿಸು, ತೇಯು

ಆಡುಸೋಗೆಯ ಕಥೆಯಲ್ಲಿ ಗಿಡದ ಹೆಸರೇ ವಿಜ್ಞಾನಕ್ಕೆ ದಾರಿ ತೋರಿತು. ಕ್ರಿಯಾಪದವೇ ದಾರಿ ತೋರಿದ ಉದಾಹರಣೆ ಚೀನಾದಲ್ಲಿದೆ. ಮಲೇರಿಯಾಕ್ಕೆ ಔಷಧ ಹುಡುಕುತ್ತಿದ್ದ ತು ಯೂಯೂ ಅವರ ತಂಡಕ್ಕೆ ಕ್ವಿಂಗ್‌ಹಾವ್ ಎಂಬ ಗಿಡದಿಂದ ಮೊದಲಿಗೆ ಸಿಕ್ಕ ಫಲಿತಾಂಶ ಸ್ಥಿರವಾಗಿರಲಿಲ್ಲ. ನಾಲ್ಕನೆಯ ಶತಮಾನದ ಗೆ ಹಾಂಗ್‌ನ ವೈದ್ಯಗ್ರಂಥದಲ್ಲಿ ಆ ಗಿಡವನ್ನು ನೀರಿನಲ್ಲಿ ನೆನೆಸಿ ಹಿಂಡಿ ರಸ ಕುಡಿಯುವಂತೆ ಹೇಳಿತ್ತು, ಕುದಿಸುವಂತೆ ಹೇಳಿರಲಿಲ್ಲ. ಕಾವಿನಿಂದ ಸತ್ವ ಕೆಡುತ್ತಿರಬಹುದೆಂದು ಊಹಿಸಿದ ಅವರು ಕಡಿಮೆ ಉಷ್ಣತೆಯಲ್ಲಿ ಈಥರ್ ಬಳಸಿ ಸತ್ವ ತೆಗೆದರು. 1971ರಲ್ಲಿ ಆ ಸತ್ವ ಪ್ರಾಣಿಗಳಲ್ಲಿ ಮಲೇರಿಯಾ ಪರೋಪಜೀವಿಯನ್ನು ಸಂಪೂರ್ಣವಾಗಿ ಹತ್ತಿಕ್ಕಿತು. ಆರ್ಟೆಮಿಸಿನಿನ್ ದೊರೆತುದು ಹೀಗೆ. 2015ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಗ್ರಂಥದಲ್ಲಿ ‘ಮಲೇರಿಯಾ: ಕ್ವಿಂಗ್‌ಹಾವ್’ ಎಂಬ ಎರಡು ನಾಮಪದಗಳಷ್ಟೇ ಉಳಿದಿದ್ದರೆ ಈ ಊಹೆಗೆ ಆಧಾರವೇ ಇರುತ್ತಿರಲಿಲ್ಲ. ನಮ್ಮ ವಕ್ತೃಗಳೂ ‘ಇದನ್ನು ಕುದಿಸಬಾರದು, ಹಸಿಯದನ್ನೇ ಹಿಂಡಬೇಕು’ ಎಂದು ಹೇಳುವುದುಂಟು. ಸಂಗ್ರಾಹಕರು ‘ರಸ’ ಎಂದು ಬರೆದುಕೊಂಡು ನಿಷೇಧವನ್ನು ಬಿಟ್ಟುಬಿಟ್ಟರೆ ಮದ್ದಿನ ಅರ್ಧವೇ ಹೋದಂತೆ.

ಎರಡನೆಯ ಕ್ರಿಯಾಪದ ‘ಕೂಡಿಸು’. ಶೀತ, ಕೆಮ್ಮಿಗೆ ಕಾಸಿದ ಹಾಲಿನಲ್ಲಿ ಅರಿಶಿನದ ಜೊತೆ ಮೆಣಸಿನ ಪುಡಿ ಹಾಕುವುದು ಎಲ್ಲ ಸೀಮೆಗಳಲ್ಲಿಯೂ ಕಾಣುವ ರೂಢಿ. ಅರಿಶಿನದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ಪ್ರಯೋಗಶಾಲೆಯ ತಟ್ಟೆಯಲ್ಲಿ ಬಹಳ ಗುಣ ತೋರಿಸಿದರೂ ಬಾಯಿಯ ಮೂಲಕ ಸೇವಿಸಿದಾಗ ರಕ್ತಕ್ಕೆ ಸೇರುವುದು ಅತ್ಯಲ್ಪ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದವರು ಪ್ರಕಟಿಸಿದ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಮೆಣಸಿನ ಸತ್ವವಾದ ಪೈಪರೀನನ್ನು 20 ಮಿಲಿಗ್ರಾಂ ಕೊಟ್ಟಾಗ ಆರೋಗ್ಯವಂತ ಸ್ವಯಂಸೇವಕರ ದೇಹದಲ್ಲಿ ಕರ್ಕ್ಯುಮಿನ್‌ನ ಲಭ್ಯತೆ ಶೇಕಡ 2000ದಷ್ಟು ಹೆಚ್ಚಿತು. ಯಕೃತ್ತು ಮತ್ತು ಕರುಳಿನಲ್ಲಿ ಕರ್ಕ್ಯುಮಿನನ್ನು ಬೇಗನೆ ಮಾರ್ಪಡಿಸಿ ಹೊರಹಾಕುವ ಕ್ರಿಯೆಯನ್ನು ಪೈಪರೀನ್ ತಡೆಯುವುದು ಇದಕ್ಕೆ ಕಾರಣವೆಂದು ತಿಳಿಯಲಾಗಿದೆ.

ಇಲ್ಲಿ ಅವಸರದ ಹೆಮ್ಮೆ ಸಲ್ಲದು. ಅರಿಶಿನದಲ್ಲಿ ಕರ್ಕ್ಯುಮಿನ್ ಪ್ರಮಾಣ ಸುಮಾರು ಶೇಕಡ 3 ಎಂದಿಟ್ಟುಕೊಂಡರೆ 3 ಗ್ರಾಂ ಪುಡಿಯಲ್ಲಿ ದೊರೆಯುವುದು 100 ಮಿಲಿಗ್ರಾಂನಷ್ಟು ಮಾತ್ರ. ಪರೀಕ್ಷೆಯಲ್ಲಿ ಕೊಟ್ಟದ್ದು ಅದರ ಇಪ್ಪತ್ತು ಪಟ್ಟು. ಆದುದರಿಂದ ಈ ಅಧ್ಯಯನ ಅಜ್ಜಿಯ ಹಾಲನ್ನು ಪ್ರಮಾಣೀಕರಿಸಿತು ಎನ್ನಲಾಗದು. ಎರಡು ವಸ್ತುಗಳನ್ನು ಕೂಡಿಸುವ ಕ್ರಮ ಪರೀಕ್ಷೆಗೆ ಯೋಗ್ಯವಾದ ಊಹೆ ಎಂಬುದನ್ನಷ್ಟೇ ಅದು ತೋರಿಸಿತು. ಇದಕ್ಕೊಂದು ಮಗ್ಗುಲೂ ಇದೆ. ಕರ್ಕ್ಯುಮಿನ್‌ನ ಹೀರಿಕೆಯನ್ನು ಬಹಳವಾಗಿ ಹೆಚ್ಚಿಸಿದ ಗುಳಿಗೆಗಳನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿನ ಹಾನಿ ಕಾಣಿಸಿಕೊಂಡ ಪ್ರಸಂಗಗಳು ಅಮೆರಿಕದಲ್ಲಿ ವರದಿಯಾಗಿವೆ. ಚಿಟಿಕೆ ಎಂಬ ಅಳತೆಯೂ ಮದ್ದಿನ ಭಾಗವೇ.

ಮೂರನೆಯದು ‘ತೇಯು’. ಹಸುಗೂಸಿನ ಹೊಟ್ಟೆನೋವಿಗೆ ಬಜೆಯ ಬೇರನ್ನು ಕಲ್ಲಿನ ಮೇಲೆ ತಾಯಿಯ ಹಾಲಿನಲ್ಲೋ ನೀರಿನಲ್ಲೋ ತೇಯ್ದು ನೆಕ್ಕಿಸುವ ಪದ್ಧತಿ ಹಲವು ಕಡೆಗಳಲ್ಲಿತ್ತು. ಬೇರನ್ನು ಮೊದಲು ದೀಪದ ಉರಿಯಲ್ಲಿ ಕರಕಾಗಿಸುವ ಕ್ರಮವೂ ದಕ್ಷಿಣ ಭಾರತದಲ್ಲಿದೆ. ತೂಕದ ಬದಲು ‘ಎರಡು ಸುತ್ತು’, ‘ಮೂರು ಸುತ್ತು’ ಎಂಬ ಎಣಿಕೆಯಿಂದ ಪ್ರಮಾಣ ನಿಗದಿಯಾಗುತ್ತದೆ. ಬಜೆಯ ಎಣ್ಣೆಯಲ್ಲಿರುವ ಬೀಟಾ-ಅಸರೋನ್ ಪ್ರಾಣಿಪ್ರಯೋಗಗಳಲ್ಲಿ ಗಡ್ಡೆಗಳಿಗೆ ಕಾರಣವಾದುದರಿಂದ ಅಮೆರಿಕದಲ್ಲಿ 1968ರಲ್ಲಿಯೇ ಆಹಾರದಲ್ಲಿ ಬಜೆಯ ಬಳಕೆಯನ್ನು ನಿಷೇಧಿಸಲಾಯಿತು. ಭಾರತದ ಬಜೆಯಲ್ಲಿ ಈ ಸತ್ವ ಅಧಿಕ, ಉತ್ತರ ಅಮೆರಿಕದ ದೇಸಿ ತಳಿಯಲ್ಲಿ ಅದು ಇಲ್ಲವೆಂಬಷ್ಟು ವಿರಳ. ಕರಕಾಗಿಸುವಾಗ ಆವಿಯಾಗುವ ಎಣ್ಣೆಯೆಷ್ಟು, ಮೂರು ಸುತ್ತಿನಲ್ಲಿ ಕಲ್ಲಿನ ಮೇಲೆ ಉಳಿಯುವುದೆಷ್ಟು ಎಂಬುದನ್ನು ಪ್ರಯೋಗಶಾಲೆಯಲ್ಲಿ ಅಳೆಯಬಹುದು. ಆದರೆ ಸುಡುವುದನ್ನೂ ಸುತ್ತುಗಳನ್ನೂ ಯಾರೂ ಬರೆದಿಡದಿದ್ದರೆ ಅಳೆಯಬೇಕಾದ ವಸ್ತುವೇ ಇರುವುದಿಲ್ಲ. ಅಳೆಯುವವರೆಗೆ ಹಸುಗೂಸಿಗೆ ಇದನ್ನು ಕೊಡದಿರುವುದೇ ಸುರಕ್ಷಿತ.

ಕಟ್ಟು: ವಸ್ತುವೇ ಮದ್ದಾಗುವ ಬಗೆ

ಮೇಲಿನವೆಲ್ಲ ಹೊಟ್ಟೆಗೆ ಸೇರುವ ಮದ್ದುಗಳಾದವು. ಗಾಯ, ಕುರು, ಮುರಿತಗಳಿಗೆ ಹೊರಗಿನಿಂದ ಕಟ್ಟುವ ವಸ್ತುಗಳದು ಇನ್ನೊಂದು ಲೋಕ. ದೇಹದ ಅಂಗಾಂಶದೊಡನೆ ಸಂಪರ್ಕದಲ್ಲಿದ್ದು ಅದರ ದುರಸ್ತಿಗೆ ನೆರವಾಗುವ ವಸ್ತುಗಳನ್ನು ಇಂದು ಜೈವಿಕ ವೈದ್ಯಕೀಯ ಸಾಮಗ್ರಿಗಳೆಂದು ಕರೆಯುತ್ತಾರೆ. ಹೆಸರು ಹೊಸದಾದರೂ ಪರಿಕಲ್ಪನೆ ಹಳೆಯದು. ಸುಶ್ರುತಸಂಹಿತೆಯಲ್ಲಿ ಗಾಯ ಹೊಲಿಯಲು ಅಗಸೆ ಹಾಗೂ ಸೆಣಬಿನ ನಾರು, ಮರದ ತೊಗಟೆಯ ನಾರು, ಸ್ನಾಯುತಂತು, ಕೂದಲು ಮೊದಲಾದವುಗಳನ್ನು ಹೇಳಿದೆ. ಕರುಳಿನ ರಂಧ್ರವನ್ನು ಮುಚ್ಚಲು ಕಟ್ಟಿರುವೆಗಳಿಂದ ಕಚ್ಚಿಸಿ ಅವುಗಳ ತಲೆಯನ್ನಷ್ಟೇ ಉಳಿಸುವ ವಿಧಾನವೂ ಅಲ್ಲಿದೆ.

ಅಗಸೆ ಕಲಬುರಗಿ, ಬೀದರ ಸೀಮೆಯ ಹಿಂಗಾರಿನ ಬೆಳೆ, ಹಿಂಡಿಯಾಗಿ ರೊಟ್ಟಿಯ ಜೊತೆಗಿರುವ ಆಹಾರ. ಬೀಜವನ್ನು ಕುಟ್ಟಿ ಬಿಸಿನೀರಿನಲ್ಲಿ ಕಲಸಿ ಕುರುವಿನ ಮೇಲೆ ಪೋಟೀಸು ಕಟ್ಟುವುದು ಇದರ ಔಷಧೀಯ ಬಳಕೆ. ಬೀಜದ ಹೊರಪದರದಲ್ಲಿರುವ ಲೋಳೆ ನೀರನ್ನು ಹಿಡಿದಿಟ್ಟುಕೊಳ್ಳುವ ಬಹುಶರ್ಕರ. ಪೋಟೀಸಿನ ಕಾವು ಬೇಗ ಆರದಿರಲು, ತೇವ ಒಣಗದಿರಲು ಇದೇ ಕಾರಣ. 1962ರಲ್ಲಿ ಲಂಡನ್ನಿನ ಜಾರ್ಜ್ ವಿಂಟರ್ ಹಂದಿಗಳ ಮೇಲೆ ನಡೆಸಿದ ಪ್ರಯೋಗದಿಂದ, ಒಣಗಲು ಬಿಟ್ಟ ಗಾಯಕ್ಕಿಂತ ತೇವವಾಗಿ ಮುಚ್ಚಿಟ್ಟ ಗಾಯದಲ್ಲಿ ಹೊಸಚರ್ಮ ಸುಮಾರು ಎರಡು ಪಟ್ಟು ವೇಗವಾಗಿ ಬೆಳೆಯುವುದು ತಿಳಿದುಬಂದಿತು. ಇಂದಿನ ಹೈಡ್ರೋಜೆಲ್ ಪಟ್ಟಿಗಳು, ಕಡಲಪಾಚಿಯಿಂದ ಮಾಡಿದ ಆಲ್ಜಿನೇಟ್ ಪಟ್ಟಿಗಳು ಈ ತತ್ವವನ್ನೇ ಅನುಸರಿಸುತ್ತವೆ. ಹಾಗೆಂದು ಅಗಸೆಯ ಪೋಟೀಸನ್ನು ತೆರೆದ ಗಾಯದ ಮೇಲೆ ಕಟ್ಟಬಹುದೆಂದಲ್ಲ. ಪರಂಪರೆಯಲ್ಲಿಯೂ ಅದನ್ನು ಕಟ್ಟುತ್ತಿದ್ದುದು ಒಡೆಯದ ಕುರುವಿಗೆ. ಯಾವುದರ ಮೇಲೆ ಕಟ್ಟಬೇಕೆಂಬುದೂ ಕ್ರಿಯಾಪದದ ಅಂಗ.

ಜೇನಿನದೂ ಇಂತಹುದೇ ಚರಿತ್ರೆ. ಸುಟ್ಟಗಾಯಕ್ಕೆ ಜೇನು ಸವರುವ ರೂಢಿಯ ಹಿಂದೆ ಮೂರು ಕಾರಣಗಳಿವೆ: ಸಕ್ಕರೆಯ ಸಾಂದ್ರತೆ ಸೂಕ್ಷ್ಮಾಣುವಿನ ನೀರನ್ನು ಸೆಳೆದುಬಿಡುತ್ತದೆ, ಜೇನು ಸ್ವತಃ ಆಮ್ಲೀಯ, ಮತ್ತು ಅದರಲ್ಲಿರುವ ಕಿಣ್ವವೊಂದು ನಿಧಾನವಾಗಿ ಹೈಡ್ರೋಜನ್ ಪೆರಾಕ್ಸೈಡನ್ನು ಬಿಡುಗಡೆ ಮಾಡುತ್ತದೆ. 2007ರಲ್ಲಿ ಅಮೆರಿಕದಲ್ಲಿ ಜೇನುಲೇಪಿತ ಗಾಯಪಟ್ಟಿಗೆ ಅನುಮತಿ ದೊರೆಯಿತು. ಆದರೆ ಅದು ವಿಕಿರಣದಿಂದ ಶುದ್ಧಗೊಳಿಸಿದ ಜೇನು. ರೋಗಾಣುಗಳ ಬೀಜಕಗಳಿರಬಹುದಾದ ಸಂತೆಯ ಜೇನನ್ನು ಅದರ ಜಾಗದಲ್ಲಿ ಬಳಸಲಾಗದು.

ಕರ್ನಾಟಕದ ಹೆಮ್ಮೆಯ ರೇಷ್ಮೆಯಲ್ಲಿಯೂ ಒಂದು ಕ್ರಿಯಾಪದ ಅಡಗಿದೆ. ರೇಷ್ಮೆಯ ಎಳೆಯಲ್ಲಿ ಫೈಬ್ರೊಯಿನ್ ಎಂಬ ತಿರುಳೂ ಅದನ್ನು ಸುತ್ತಿದ ಸೆರಿಸಿನ್ ಎಂಬ ಅಂಟೂ ಇರುತ್ತವೆ. ನೂಲನ್ನು ಕುದಿಸಿ ಅಂಟು ತೆಗೆಯುವುದು ರೇಷ್ಮೆಕಸುಬಿನ ಹಳೆಯ ಕ್ರಮ. ಅಂಟು ಉಳಿದ ರೇಷ್ಮೆ ದೇಹದಲ್ಲಿ ಅಲರ್ಜಿಯ ಉರಿಯನ್ನು ಉಂಟುಮಾಡಬಹುದಾದುದರಿಂದ, ಶಸ್ತ್ರಚಿಕಿತ್ಸೆಯ ಹೊಲಿಗೆದಾರಕ್ಕಾಗಲಿ ಪ್ರಯೋಗಶಾಲೆಗಳಲ್ಲಿ ಅಂಗಾಂಶ ಬೆಳೆಸುವ ಫೈಬ್ರೊಯಿನ್ ಹಾಳೆಗಳಿಗಾಗಲಿ ಇದೇ ಹೆಜ್ಜೆ ಮೊದಲನೆಯದು.

ಮುರಿದ ಎಲುಬಿಗೆ ಸಂಬಂಧಿಸಿದ ಮಂಗರವಳ್ಳಿಯ ಅಧ್ಯಯನಕ್ಕೆ ಕನ್ನಡನಾಡಿನವರೇ ಬುನಾದಿ ಹಾಕಿದರು. ಉಡುಪಿ ಮೂಲದ ಶಸ್ತ್ರವೈದ್ಯ ಕೆ. ಎನ್. ಉಡುಪ ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಿ. ಸಿ. ಪ್ರಸಾದ್ ಅವರೊಡನೆ 1960ರ ದಶಕದ ಆದಿಭಾಗದಲ್ಲಿ ಈ ಬಳ್ಳಿಯ ಮೇಲೆ ನಡೆಸಿದ ಸಂಶೋಧನೆಗಳು ಮುಖ್ಯವಾದವು. ವಿಕಿರಣಶೀಲ ಕ್ಯಾಲ್ಸಿಯಂ ಬಳಸಿ, ಮುರಿತದ ಜಾಗದಲ್ಲಿ ಖನಿಜ ಶೇಖರಣೆಯನ್ನು ಅಳೆದು, ಬಳ್ಳಿಯ ಸತ್ವ ಎಲುಬು ಕೂಡುವಿಕೆಯನ್ನು ತ್ವರಿತಗೊಳಿಸುತ್ತದೆಂದು ಅವರು ಪ್ರಾಣಿಗಳಲ್ಲಿ ತೋರಿಸಿದರು. ಇತ್ತೀಚಿನ ವರ್ಷಗಳಲ್ಲಿ ಸೀಗಡಿಯ ಚಿಪ್ಪಿನಿಂದ ಪಡೆಯುವ ಕೈಟೋಸಾನ್‌ನ ರಂಧ್ರಮಯ ಚೌಕಟ್ಟಿನಲ್ಲಿ ಇದೇ ಬಳ್ಳಿಯ ಸತ್ವವನ್ನು ಸೇರಿಸಿ ಎಲುಬಿನ ಜೀವಕೋಶಗಳ ಬೆಳವಣಿಗೆಯನ್ನು ಪರೀಕ್ಷಿಸಲಾಗಿದೆ. ಹಸಿಬಳ್ಳಿಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಹರಳುಗಳು ಗಂಟಲನ್ನು ಕೆರೆಯುತ್ತವೆ. ಅಡುಗೆಯಲ್ಲಿ ಇದನ್ನು ಹುಣಸೆಹುಳಿಯೊಡನೆ ಬೇಯಿಸುವ ಕ್ರಮ ಈ ಅನುಭವದಿಂದಲೇ ಬಂದುದು. ಬಿದಿರದಬ್ಬೆ, ಬಟ್ಟೆ, ಉದ್ದಿನ ಹಿಟ್ಟು, ಮೊಟ್ಟೆಯ ಬಿಳಿಯ ಲೇಪ ಇವುಗಳಿಂದ ಎಲುಬು ಕೂಡಿಸುವವರು ಕಟ್ಟುವ ಕಟ್ಟು ಒಣಗಿದ ಮೇಲೆ ಗಟ್ಟಿಯಾಗಿ ಅಂಗವನ್ನು ಅಲುಗದಂತೆ ಹಿಡಿಯುತ್ತದೆ. ಅದೇ ಕಟ್ಟು ಬಿಗಿಯಾದರೆ ರಕ್ತಸಂಚಾರ ನಿಂತು ಕೈಯೋ ಕಾಲೋ ಕೊಳೆತು ಕತ್ತರಿಸಬೇಕಾದ ಪ್ರಸಂಗಗಳು ವೈದ್ಯಕೀಯ ಸಾಹಿತ್ಯದಲ್ಲಿ ಹೇರಳವಾಗಿವೆ. ಬೆರಳು ನೀಲಿಯಾದರೆ ಕಟ್ಟು ಬಿಚ್ಚಬೇಕೆಂಬ ಎಚ್ಚರಿಕೆ ಇಲ್ಲದ ದಾಖಲೆ ಅಪೂರ್ಣ ಮಾತ್ರವಲ್ಲ, ಅಪಾಯಕರವೂ ಹೌದು.

ಹೆಸರಿನ ತೊಡಕು

ಕ್ರಿಯಾಪದದ ಮಹತ್ವವನ್ನು ಹೇಳುವಾಗ ನಾಮಪದವನ್ನು ಕಡೆಗಣಿಸಲಾಗದು. ಕಾಮಾಲೆಗೆ ನೆಲನೆಲ್ಲಿ ಕೊಡುವುದು ಪ್ರಸಿದ್ಧ. 1988ರಲ್ಲಿ ಮದ್ರಾಸಿನ ಎಸ್. ಪಿ. ತ್ಯಾಗರಾಜನ್ ಹಾಗೂ ಹೆಪಟೈಟಿಸ್ ಬಿ ವೈರಾಣುವಿನ ಶೋಧಕ್ಕಾಗಿ ನೊಬೆಲ್ ಪಡೆದಿದ್ದ ಬರೂಚ್ ಬ್ಲಂಬರ್ಗ್ ಮೊದಲಾದವರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಫಲಿತಾಂಶವನ್ನು ಪ್ರಕಟಿಸಿದರು. ಫಿಲಾಂಥಸ್ ಅಮಾರಸ್ ಎಂಬ ನೆಲನೆಲ್ಲಿಯನ್ನು ಪಡೆದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಾಣುವಿನ ಗುರುತು ಮರೆಯಾಗಿತ್ತು. ಹುಸಿಮದ್ದು ಪಡೆದ 23 ಮಂದಿಯಲ್ಲಿ ಅದು ಮರೆಯಾದುದು ಒಬ್ಬರಲ್ಲಿ ಮಾತ್ರ. ಆದರೆ ಮುಂದೆ ಬೇರೆ ದೇಶಗಳಲ್ಲಿ ನಡೆದ ಪರೀಕ್ಷೆಗಳಲ್ಲಿ ಈ ಫಲಿತಾಂಶ ಪುನರಾವರ್ತನೆಯಾಗಲಿಲ್ಲ. ಗಿಡ ಬೆಳೆದ ನೆಲ, ಕಿತ್ತ ಕಾಲ, ಪ್ರಭೇದ ಇವುಗಳ ಭಿನ್ನತೆ ಕಾರಣವಿರಬಹುದೆಂಬ ಚರ್ಚೆ ನಡೆಯಿತು. ಮೊದಲ ಫಲಿತಾಂಶವೇ ದುರ್ಬಲವಾಗಿದ್ದಿತೆಂಬ ಸಾಧ್ಯತೆಯನ್ನೂ ತಳ್ಳಿಹಾಕುವಂತಿಲ್ಲ. ಕನ್ನಡದಲ್ಲಿ ‘ನೆಲನೆಲ್ಲಿ’ ಎಂಬ ಒಂದೇ ಹೆಸರಿನಲ್ಲಿ ಈ ಕುಲದ ನಾಲ್ಕಾರು ಪ್ರಭೇದಗಳು ಸೇರಿಕೊಳ್ಳುವುದರಿಂದ ಹೆಸರನ್ನಷ್ಟೇ ಬರೆದ ಸಂಗ್ರಹ ಇಂತಹ ಚರ್ಚೆಗೆ ಯಾವ ನೆರವನ್ನೂ ನೀಡಲಾರದು.

ಅಮೃತಬಳ್ಳಿಯ ಪ್ರಸಂಗ ಇನ್ನೂ ಈಚಿನದು. ಕೋವಿಡ್ ಕಾಲದಲ್ಲಿ ಇದರ ಬಳಕೆ ಏಕಾಏಕಿ ಹೆಚ್ಚಿತು. 2021ರಲ್ಲಿ ಮುಂಬೈನ ವೈದ್ಯರು ಈ ಬಳ್ಳಿಯನ್ನು ಸೇವಿಸಿದ 6 ರೋಗಿಗಳಲ್ಲಿ ಯಕೃತ್ತಿನ ಹಾನಿಯನ್ನು ವರದಿ ಮಾಡಿದರು. ಅವರು ಸೇವಿಸಿದ್ದು ಅದೇ ಕುಲದ ಬೇರೊಂದು ಬಳ್ಳಿಯಾಗಿರಬಹುದೆಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ವಾದದ ಎರಡೂ ಬದಿಗೆ ಬೇಕಾಗಿದ್ದುದು ಒಂದೇ: ಬಳಸಿದ ಬಳ್ಳಿಯ ಮಾದರಿ.

ಅನುಭವಕ್ಕೆ ನಿಲುಕದ ಹಾನಿ

ಜನಪದ ಜ್ಞಾನ ತಲೆಮಾರುಗಳ ಪರೀಕ್ಷೆಗೆ ಒಳಗಾದುದೆಂಬ ಮಾತು ಅರ್ಧಸತ್ಯ. ಅನುಭವ ಯಾವ ಹಾನಿಯನ್ನು ಕಾಣಬಲ್ಲದು, ಯಾವುದನ್ನು ಕಾಣಲಾರದು ಎಂಬುದನ್ನು ವಿಂಗಡಿಸಬೇಕು. ಎಕ್ಕೆಯ ಹಾಲು ಕಣ್ಣಿಗೆ ಸಿಡಿದರೆ ದೃಷ್ಟಿ ಮಂಜಾಗುವುದು ಕೂಡಲೇ ತಿಳಿಯುತ್ತದೆ. ಆದ್ದರಿಂದಲೇ ಮುಳ್ಳು ತೆಗೆಯಲು ಎಕ್ಕೆಯ ಹಾಲು ಹಚ್ಚುವವರು ಕಣ್ಣಿನ ಬಗ್ಗೆ ಎಚ್ಚರಿಸುತ್ತಾರೆ. ಆದರೆ ಹತ್ತು ಹದಿನೈದು ವರ್ಷಗಳ ಬಳಿಕ ತೋರುವ ಹಾನಿಯನ್ನು ಮದ್ದಿಗೆ ತಳಕು ಹಾಕಲು ಯಾವ ಅಜ್ಜಿಗೂ ಸಾಧ್ಯವಿಲ್ಲ.

ಹಾವು, ಚೇಳಿನ ವಿಷಕ್ಕೆಂದು ಹೆಸರಾದ ಈಶ್ವರಿಬೇರು ಇದಕ್ಕೆ ಸಾಕ್ಷಿ. ಈ ಕುಲದ ಸಸ್ಯಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಹಾಳುಗೆಡವುತ್ತದೆ, ಮೂತ್ರಾಂಗದ ಕ್ಯಾನ್ಸರಿಗೆ ಕಾರಣವಾಗುತ್ತದೆ. 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ಮೈ ಇಳಿಸಲೆಂದು ಇಂತಹ ಸಸ್ಯವಿದ್ದ ಗುಳಿಗೆ ಸೇವಿಸಿದ ಅನೇಕ ಮಹಿಳೆಯರ ಮೂತ್ರಪಿಂಡಗಳು ವಿಫಲವಾದಾಗ ಇದು ಜಗತ್ತಿನ ಗಮನ ಸೆಳೆಯಿತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾದ ಮೊದಲ ವರ್ಗದಲ್ಲಿ ಸೇರಿಸಿದೆ. ಇನ್ನು ಹಾವು ಕಡಿತಕ್ಕೆ ಪ್ರತಿವಿಷದ ಚುಚ್ಚುಮದ್ದಿನ ಹೊರತು ಸಿದ್ಧವಾದ ಔಷಧ ಬೇರೆ ಇಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಮಂದಿ ಸತ್ತಿರಬಹುದೆಂದು 2020ರ ಅಧ್ಯಯನವೊಂದು ಅಂದಾಜಿಸಿದೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಇಂತಹ ಮದ್ದುಗಳನ್ನು ಸಂಗ್ರಹದಲ್ಲಿ ಮುದ್ರಿಸುವಾಗ ಅಡಿಯಲ್ಲಿ ಈ ಮಾತು ಇರದಿದ್ದರೆ ಸಂಗ್ರಾಹಕನೂ ಹೊಣೆಗಾರನಾಗುತ್ತಾನೆ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಬೂದಿ, ಸಗಣಿ ಹಚ್ಚುವ ಪದ್ಧತಿ ನವಜಾತ ಶಿಶುಗಳ ಧನುರ್ವಾಯುವಿಗೆ ಕಾರಣವಾಗಿದ್ದಿತು. ಶುದ್ಧ ಹೆರಿಗೆ ಹಾಗೂ ಗರ್ಭಿಣಿಯರ ಲಸಿಕೆಯಿಂದ 2015ರಲ್ಲಿ ಭಾರತ ಅದನ್ನು ನಿವಾರಿಸಿದ ಮಾನ್ಯತೆ ಪಡೆಯಿತು. ಪರಂಪರೆಯ ಗೌರವಕ್ಕೆ ಇದನ್ನು ಮರೆಮಾಚುವ ಅಗತ್ಯವಿಲ್ಲ.

ಮುದ್ರಣ ಮತ್ತು ಹಕ್ಕು

ಈ ಜ್ಞಾನ ಯಾರ ಸೊತ್ತು ಎಂಬ ಪ್ರಶ್ನೆ ಉಳಿಯುತ್ತದೆ. ಅರಿಶಿನದಿಂದ ಗಾಯ ಮಾಯಿಸುವ ವಿಧಾನಕ್ಕೆ 1995ರಲ್ಲಿ ಅಮೆರಿಕದಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟು ದೊರೆಯಿತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು ಇದನ್ನು ಪ್ರಶ್ನಿಸಿ 32 ಲಿಖಿತ ಆಧಾರಗಳನ್ನು ಒದಗಿಸಿತು. ಅವುಗಳಲ್ಲಿ ಸಂಸ್ಕೃತ, ಉರ್ದು, ಹಿಂದಿ ಗ್ರಂಥಗಳೂ 1953ರ ವೈದ್ಯಕೀಯ ಲೇಖನವೊಂದೂ ಸೇರಿದ್ದವು. 1997ರಲ್ಲಿ ಪೇಟೆಂಟು ರದ್ದಾಯಿತು. ಅಂದಿನ ಅಮೆರಿಕದ ಕಾನೂನಿನಲ್ಲಿ ಹೊರದೇಶದ ಬಾಯ್ದೆರೆಯ ಬಳಕೆ ಲೆಕ್ಕಕ್ಕೆ ಬರುತ್ತಿರಲಿಲ್ಲ, ಮುದ್ರಿತ ದಾಖಲೆಯೇ ಬೇಕಾಗಿತ್ತು. ಕೋಟ್ಯಂತರ ಮನೆಗಳ ರೂಢಿಗಿಂತ ಒಂದು ಮುದ್ರಿತ ಪುಟ ಹೆಚ್ಚು ತೂಗಿತು. ಬೇವಿನೆಣ್ಣೆಯ ಶಿಲೀಂಧ್ರನಾಶಕ ಗುಣದ ಮೇಲೆ 1994ರಲ್ಲಿ ಯೂರೋಪಿನಲ್ಲಿ ನೀಡಿದ್ದ ಪೇಟೆಂಟು 2000ದಲ್ಲಿ ರದ್ದಾಗಿ, ಮೇಲ್ಮನವಿಯೂ 2005ರಲ್ಲಿ ವಜಾ ಆಯಿತು.

ಇದರ ಫಲವಾಗಿ 2001ರಲ್ಲಿ ಆರಂಭವಾದ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಆಯುರ್ವೇದ, ಯುನಾನಿ, ಸಿದ್ಧ ಮೊದಲಾದ ಗ್ರಂಥಸ್ಥ ಪದ್ಧತಿಗಳನ್ನು ಮುಖ್ಯವಾಗಿ ಒಳಗೊಂಡಿತು. ಬಾಯ್ಮಾತಿನ ಜ್ಞಾನಕ್ಕೆ 2002ರ ಜೀವವೈವಿಧ್ಯ ಕಾಯಿದೆಯಡಿ ಸ್ಥಳೀಯ ಸಮಿತಿಗಳು ಸಿದ್ಧಪಡಿಸುವ ಜನತಾ ಜೀವವೈವಿಧ್ಯ ದಾಖಲಾತಿಯೇ ಆಶ್ರಯ. 2023ರ ತಿದ್ದುಪಡಿಯು ಗ್ರಂಥಸ್ಥ ಸಾಂಪ್ರದಾಯಿಕ ಜ್ಞಾನದ ಬಳಕೆಗೆ ಲಾಭ ಹಂಚಿಕೆಯ ಹೊಣೆಯಿಂದ ವಿನಾಯಿತಿ ನೀಡಿದೆ. ಹೀಗಾಗಿ ಗ್ರಂಥಸ್ಥ, ಮೌಖಿಕ ಎಂಬ ವಿಂಗಡಣೆ ಈಗ ವಿದ್ವತ್ತಿನ ವಿಷಯವಾಗಿ ಮಾತ್ರ ಉಳಿದಿಲ್ಲ, ಅದಕ್ಕೆ ಹಣದ ಬೆಲೆಯೂ ಬಂದಿದೆ. ಮುದ್ರಿಸಿದರೆ ಅನ್ಯರು ಪೇಟೆಂಟು ಪಡೆಯುವುದನ್ನು ತಡೆಯಬಹುದು, ಆದರೆ ಹೇಳಿಕೊಟ್ಟ ನಾಟಿ ವೈದ್ಯನಿಗೆ ಅದರಿಂದ ಏನೂ ದೊರೆಯದೆ ಹೋಗಬಹುದು. ಮುದ್ರಿಸದಿದ್ದರೆ ಅವನೊಡನೆಯೇ ಜ್ಞಾನವೂ ಮಣ್ಣಾಗಬಹುದು. ಈ ಇಕ್ಕಟ್ಟಿಗೆ ಸುಲಭದ ಪರಿಹಾರವಿಲ್ಲ. ವಕ್ತೃವಿಗೆ ಈ ಎರಡೂ ಸಾಧ್ಯತೆಗಳನ್ನು ಅವನ ಭಾಷೆಯಲ್ಲಿ ತಿಳಿಸಿ, ಏನನ್ನು ಮುದ್ರಿಸಬೇಕು, ಏನನ್ನು ಮುಚ್ಚಿಡಬೇಕು ಎಂಬ ತೀರ್ಮಾನವನ್ನು ಅವನಿಗೇ ಬಿಡುವುದು ಕನಿಷ್ಠ ಕರ್ತವ್ಯ.

ದಾಖಲೆಯ ಹೊಸ ಕ್ರಮ

ಮೇಲಿನ ಚರ್ಚೆಯಿಂದ ಜನಪದ ವೈದ್ಯದ ದಾಖಲೆಯಲ್ಲಿ ಇರಬೇಕಾದ ಅಂಶಗಳು ತಾವಾಗಿ ಹೊಮ್ಮುತ್ತವೆ. ಗಿಡದ ಸ್ಥಳೀಯ ಹೆಸರು, ಆ ಊರಿನ ಬೇರೆ ಭಾಷೆಗಳಲ್ಲಿರುವ ಹೆಸರು, ಒಣಗಿಸಿ ಅಂಟಿಸಿದ ಮಾದರಿ ಮತ್ತು ಸಸ್ಯಶಾಸ್ತ್ರಜ್ಞರು ಗುರುತಿಸಿದ ಪ್ರಭೇದನಾಮ ಮೊದಲನೆಯದು. 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ವಿಭಾಗವೂ ಕನ್ನಡ ಅಧ್ಯಯನದ ವಿಭಾಗವೂ ಒಂದೇ ಆವರಣದಲ್ಲಿರುವುದರಿಂದ ಈ ಸಹಕಾರ ಇಲ್ಲಿ ಕಷ್ಟವಲ್ಲ. ಬಳಸುವ ಭಾಗ, ಕೀಳುವ ಹೊತ್ತು ಮತ್ತು ಋತು ಎರಡನೆಯದು. ‘ಹೊತ್ತು ಹುಟ್ಟುವ ಮೊದಲು ಕೀಳಬೇಕು’ ಎಂಬಂತಹ ಕಟ್ಟಳೆಯನ್ನು ಮೂಢನಂಬಿಕೆಯೆಂದು ಬಿಡಲೂ ಬೇಕಿಲ್ಲ, ವಿಜ್ಞಾನವೆಂದು ಕೊಂಡಾಡಲೂ ಬೇಕಿಲ್ಲ. ಸಸ್ಯದ ಆಲ್ಕಲಾಯ್ಡ್ ಪ್ರಮಾಣ ಹೊತ್ತಿಗೆ, ಋತುವಿಗೆ ತಕ್ಕಂತೆ ಬದಲಾಗುವುದು ತಿಳಿದ ಸಂಗತಿಯಾದುದರಿಂದ ಅದನ್ನು ಇದ್ದಂತೆಯೇ ಬರೆದುಕೊಂಡರೆ ಸಾಕು. ತಯಾರಿಕೆಯ ಪ್ರತಿ ಕ್ರಿಯಾಪದ, ಅದರ ಅವಧಿ, ಪಾತ್ರೆ, ಕಾವು, ಕೂಡಿಸುವ ವಸ್ತು, ಅಳತೆ ಮೂರನೆಯದು. ಪಥ್ಯ, ನಿಷೇಧ, ಎಚ್ಚರಿಕೆ ಮತ್ತು ಮದ್ದು ಫಲಿಸದಿದ್ದಾಗ ವಕ್ತೃ ಏನು ಮಾಡುತ್ತಿದ್ದನೆಂಬುದು ನಾಲ್ಕನೆಯದು. ಯಾವ ರೋಗಿಯನ್ನು ತಾನು ಮುಟ್ಟುವುದಿಲ್ಲ, ದವಾಖಾನೆಗೆ ಕಳಿಸುತ್ತೇನೆ ಎಂದು ಹೇಳುವ ನಾಟಿ ವೈದ್ಯನ ಮಾತು ಅವನು ಕೊಡುವ ಮದ್ದಿನಷ್ಟೇ ಬೆಲೆಯುಳ್ಳದ್ದು.

ಅಮೆರಿಕದ ಜಾನಪದ ವಿದ್ವಾಂಸ ಡಾನ್ ಯೋಡರ್ 1972ರಲ್ಲಿ ಜನಪದ ವೈದ್ಯವನ್ನು ಸಹಜ ವೈದ್ಯ, ಮಾಂತ್ರಿಕ-ಧಾರ್ಮಿಕ ವೈದ್ಯ ಎಂದು ಎರಡಾಗಿ ವಿಂಗಡಿಸಿದರು. ಈ ವಿಂಗಡಣೆ ಉಪಯುಕ್ತವಾದರೂ ಕ್ಷೇತ್ರದಲ್ಲಿ ಎರಡೂ ಬೆರೆತೇ ಸಿಗುತ್ತವೆ. ಬೇರು ಕೀಳುವ ಹೊತ್ತಿನ ಮೌನವೂ ಬೇರು ತೇಯುವ ಸುತ್ತುಗಳೂ ಒಂದೇ ವಾಕ್ಯದಲ್ಲಿ ಬರುತ್ತವೆ. ಯಾವುದು ಸತ್ವಕ್ಕೆ ಸಂಬಂಧಿಸಿದ್ದು, ಯಾವುದು ನಂಬಿಕೆಗೆ ಸಂಬಂಧಿಸಿದ್ದು ಎಂದು ಸಂಗ್ರಾಹಕ ಹೊಲದ ಬದುವಿನಲ್ಲಿ ನಿಂತು ತೀರ್ಮಾನಿಸಲಾರ. ಆ ತೀರ್ಮಾನ ಪರೀಕ್ಷೆಗೆ ಸೇರಿದ್ದು. ಪರೀಕ್ಷೆಗೆ ಬೇಕಾದ ವಾಕ್ಯವನ್ನು ಪೂರ್ಣವಾಗಿ ತಲುಪಿಸುವುದು ಜಾನಪದಕ್ಕೆ ಸೇರಿದ್ದು.

ಕೋಟನೂರದ ಬದುಗಳ ಮೇಲೆ ಎಕ್ಕೆ, ಉತ್ತರಾಣಿಗಳು ಉಳಿಯುವುದೋ ಇಲ್ಲವೋ ಎಂಬುದು ವಿದ್ವಾಂಸರ ಕೈಯಲ್ಲಿಲ್ಲ. ಆ ಗಿಡಗಳು ಬೇರೆಡೆಯೂ ಬೆಳೆಯುತ್ತವೆ, ಅವುಗಳ ಸತ್ವವನ್ನು ಯಾವ ದೇಶದ ಪ್ರಯೋಗಶಾಲೆಯಾದರೂ ಬೇರ್ಪಡಿಸಬಲ್ಲದು. ಬೇರೆಡೆ ಸಿಗದಿರುವುದು ಅವುಗಳನ್ನು ಈ ನೆಲದಲ್ಲಿ ಅರೆದ, ಹಿಂಡಿದ, ತೇಯ್ದ, ಕಟ್ಟಿದ ಕ್ರಮ ಹಾಗೂ ಆ ಕ್ರಮವನ್ನು ಹೇಳುವ ಕಲಬುರಗಿ ಕನ್ನಡದ ಮಾತು. ಹೇಳಬಲ್ಲವರು ಇರುವಾಗಲೇ ಅದನ್ನು ಕ್ರಿಯಾಪದಸಹಿತ ಬರೆದಿಡುವ ಹೊಣೆ ಈ ತಲೆಮಾರಿನ ಸಂಶೋಧಕರದು.